ಮನೆಯ ವೈಫೈ ಯಾರ ಕೈಯಲ್ಲಿದೆ?

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಂಥ ಊರಿನಲ್ಲಿ ಮನೆಗೆ ಹೊಸದಾಗಿ ನೆಟ್ ಹಾಕಿಸಿದರೆ ಕೆಲಸ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ. ಕೇಬಲ್‌ನವರು ಬಂದು ಕಂಬದಿಂದ ಕಪ್ಪು ವೈರು ಎಳೆಯುತ್ತಾರೆ. ಬಾಗಿಲ ಚೌಕಟ್ಟಿನ ಪಕ್ಕ ತೂತು ಕೊರೆದು ಒಳಗೆ ತರುತ್ತಾರೆ. ಟಿ.ವಿ. ಇರುವ ಗೋಡೆಗೆ ಮೊಳೆ ಹೊಡೆದು ಬಿಳಿ ಡಬ್ಬಿಯೊಂದನ್ನು ತಗುಲಿಹಾಕುತ್ತಾರೆ. ತಮ್ಮ ಮೊಬೈಲಿನಲ್ಲಿ ಏನೇನೋ ಒತ್ತಿ, ಮನೆಯ ಹುಡುಗನ ಫೋನಿನಲ್ಲಿ ಒಂದು ವಿಡಿಯೊ ಓಡಿಸಿ ತೋರಿಸಿ, ಹಣ ಪಡೆದು ಹೊರಡುತ್ತಾರೆ. ಆ ಸ್ವಲ್ಪ ಹೊತ್ತಿನಲ್ಲೇ ಮನೆಯ ಪರವಾಗಿ ಹಲವು ತೀರ್ಮಾನಗಳು ಆಗಿಹೋಗಿರುತ್ತವೆ: ರೂಟರ್ ಎಲ್ಲಿರಬೇಕು, ಯಾವ ಚಾನೆಲ್ಲಿನಲ್ಲಿ ಅಲೆ ಹೊರಡಬೇಕು, ಪಾಸ್‌ವರ್ಡ್ ಏನು, ರೂಟರಿನ ಒಳಪುಟ ಯಾರು ತೆರೆಯಬಹುದು. ಇವುಗಳಲ್ಲಿ ಒಂದನ್ನೂ ಮನೆಯವರು ಮಾಡಿರುವುದಿಲ್ಲ, ಆಗಿವೆ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ.

ವಾರ ಕಳೆಯುವಷ್ಟರಲ್ಲಿ ದೂರು ಶುರುವಾಗುತ್ತದೆ. ಪಡಸಾಲೆಯಲ್ಲಿ ನೆಟ್ ಓಡುತ್ತದೆ, ಒಳಕೋಣೆಯಲ್ಲಿ ಓದಲು ಕೂತ ಮಗಳಿಗೆ ಸಿಗುವುದಿಲ್ಲ. ಮಗ್ಗದ ಕೋಣೆಯಿಂದ ಸೀರೆಯ ಫೋಟೊ ಕಳಿಸಲು ಜಗುಲಿಗೆ ಬರಬೇಕು. ಸಂಜೆಯಾದರೆ ಎಲ್ಲವೂ ನಿಧಾನ. ಎಲ್ಲರೂ ಬೈಯುವುದು ಕಂಪನಿಯನ್ನು. ಲೈನಿನ ದೋಷಗಳೂ ಇರುತ್ತವೆ, ನಿಜ. ಆದರೆ ಎಷ್ಟೋ ಸಲ ನೆಟ್ ಮನೆಯ ಹೊಸಿಲವರೆಗೆ ಸರಿಯಾಗಿಯೇ ಬಂದಿರುತ್ತದೆ, ಸೋಲುವುದು ಮನೆಯೊಳಗಿನ ಕೊನೆಯ ಹತ್ತು ಮೀಟರಿನಲ್ಲಿ. ಆ ಹತ್ತು ಮೀಟರ್ ಕಂಪನಿಯದೂ ಅಲ್ಲ, ಸರ್ಕಾರದ್ದೂ ಅಲ್ಲ, ಮನೆಯವರದು. ಅದನ್ನು ಸರಿಪಡಿಸಲು ಬೇಕಾದ ತಿಳಿವಳಿಕೆ ಅಷ್ಟೇನೂ ಕಠಿಣವಲ್ಲ, ಅದು ಮನೆಯವರ ಕೈಗೆ ಬಂದಿಲ್ಲ ಅಷ್ಟೆ. ಮನೆಯ ವೈಫೈ ವಿಚಾರವನ್ನು ಇಡಿಯಾಗಿ, ಈ ಸೀಮೆಯ ಮನೆಗಳನ್ನೇ ಮುಂದಿಟ್ಟುಕೊಂಡು ನೋಡುವ ಪ್ರಯತ್ನ ಈ ಲೇಖನ.

ಪರವಾನಗಿ ಬೇಡದ ಅಲೆಗಳು

ವೈಫೈ ಒಂದು ರೇಡಿಯೊ. ಬಾನುಲಿ ಕೇಂದ್ರಕ್ಕೂ ಮೊಬೈಲ್ ಟವರಿಗೂ ತರಂಗಾಂತರ ಬಳಸಲು ಸರ್ಕಾರದ ಪರವಾನಗಿ ಬೇಕು, ಮನೆಯ ರೂಟರಿಗೆ ಬೇಡ. ಈ ಸಡಿಲಿಕೆಯ ಹಿಂದೆ ಒಂದು ಚರಿತ್ರೆ ಇದೆ. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಕೆಲವು ತರಂಗಾಂತರ ಪಟ್ಟಿಗಳನ್ನು ಪರವಾನಗಿ ಇಲ್ಲದ ಬಳಕೆಗೆ ತೆರೆಯಿತು. 1997ರಲ್ಲಿ 802.11 ಎಂಬ ಮೊದಲ ಮಾನಕ ಬಂತು, ಅದರ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೆಗಾಬಿಟ್. 1999ರಲ್ಲಿ ಅದು 11 ಮೆಗಾಬಿಟ್ಟಿಗೆ ಏರಿತು, ವೈಫೈ ಎಂಬ ಹೆಸರೂ ಆಗಲೇ ಹುಟ್ಟಿತು. ಭಾರತ ಸರ್ಕಾರ 2005ರ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. 5 ಗಿಗಾಹರ್ಟ್ಸಿನ ಅಗಲವಾದ ಪಟ್ಟಿಗಳು ಮನೆಯ ಒಳಗೂ ಹೊರಗೂ ಮುಕ್ತವಾದದ್ದು 2018ರ ಅಕ್ಟೋಬರಿನಲ್ಲಿ. 6 ಗಿಗಾಹರ್ಟ್ಸಿನ ಕೆಳಭಾಗವನ್ನು ತೆರೆಯುವ ಕರಡು ನಿಯಮ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು.

ಈ ಸ್ವಾತಂತ್ರ್ಯಕ್ಕೆ ಒಂದು ಷರತ್ತಿದೆ. ಪರವಾನಗಿ ಪಡೆದವನ ಅಲೆಗೆ ಕಾನೂನಿನ ರಕ್ಷಣೆ ಇರುತ್ತದೆ, ಪರವಾನಗಿ ಇಲ್ಲದ ಅಲೆಗೆ ಇಲ್ಲ. ಪಕ್ಕದ ಮನೆಯ ರೂಟರ್ ನಮ್ಮ ರೂಟರಿಗೆ ಅಡ್ಡಬಂದರೆ ದೂರು ಕೊಡಲು ಕಚೇರಿಯಿಲ್ಲ. ಹೊಂದಿಸಿಕೊಳ್ಳುವುದು ಬಳಸುವವರ ಹೊಣೆ. ಸೆಟ್ಟಿಂಗ್ ಎಂಬ ಕೆಲಸ ಮನೆಯವರ ಪಾಲಿಗೆ ಬಂದದ್ದು ಇದರಿಂದಲೇ. ಅದನ್ನು ಯಾರೂ ಅವರಿಗೆ ಹೇಳಿಕೊಡಲಿಲ್ಲ ಎಂಬುದು ಬೇರೆ ಮಾತು.

ಒಂದು ಡಬ್ಬಿ, ಮೂರು ಕೆಲಸ

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಲುಪಿಸುವುದು ಅದರ ಗುರಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಬಿಎಸ್‌ಎನ್‌ಎಲ್ ಮತ್ತು ಖಾಸಗಿ ಕಂಪನಿಗಳು ಸ್ಥಳೀಯ ಕೇಬಲ್ ಆಪರೇಟರುಗಳನ್ನು ಜೊತೆಗೂಡಿಸಿಕೊಂಡು ಮನೆಮನೆಗೆ ಲೈನ್ ಕೊಡುತ್ತಿವೆ. ಹೆಚ್ಚಿನ ಕಡೆ ಬಳಕೆಯಲ್ಲಿರುವುದು ಜಿಪಾನ್ ಎಂಬ ವಿಧಾನ. ಒಂದೇ ಫೈಬರ್ ಎಳೆಯನ್ನು 32 ಅಥವಾ 64 ಮನೆಗಳಿಗೆ ಕವಲೊಡೆಸಬಹುದು, ಕೇಂದ್ರದಿಂದ 20 ಕಿಲೋಮೀಟರ್ ದೂರದವರೆಗೆ ಒಯ್ಯಬಹುದು. ಆ ಎಳೆಯಲ್ಲಿ ಎಲ್ಲ ಮನೆಗೂ ಸೇರಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಬರುತ್ತದೆ, 1.25 ಗಿಗಾಬಿಟ್ ಹೋಗುತ್ತದೆ.

ಗೋಡೆಯ ಮೇಲಿನ ಡಬ್ಬಿ ಮೂರು ಕೆಲಸ ಮಾಡುತ್ತದೆ. ಫೈಬರಿನಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವುದು ಒಂದು. ಬಂದ ಒಂದೇ ಸಂಪರ್ಕವನ್ನು ಮನೆಯ ಎಲ್ಲ ಫೋನು, ಟಿ.ವಿ., ಲ್ಯಾಪ್‌ಟಾಪುಗಳಿಗೆ ಹಂಚುವುದು ಎರಡು, ಇದೇ ರೂಟರಿನ ಕೆಲಸ. ಹಂಚಿದ್ದನ್ನು ಗಾಳಿಯಲ್ಲಿ ಕಳಿಸುವುದು ಮೂರು, ಅದೇ ವೈಫೈ. ಕೆಟ್ಟಾಗ ಈ ಮೂರರಲ್ಲಿ ಯಾವುದು ಕೆಟ್ಟಿದೆ ಎಂದು ಗುರುತಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಡಬ್ಬಿಯ ಮುಖದ ಲೈಟುಗಳು ಇದಕ್ಕೇ ಇರುವುದು. ‘ಲಾಸ್’ ಎಂಬ ಲೈಟು ಕೆಂಪಗೆ ಮಿನುಗಿದರೆ ಬೆಳಕು ಮನೆಗೆ ಬರುತ್ತಿಲ್ಲ: ವೈರು ತುಂಡಾಗಿದೆ, ಅತಿಯಾಗಿ ಬಾಗಿದೆ, ಇಲ್ಲವೇ ಹಸಿರು ಪಿನ್ ಸಡಿಲವಾಗಿದೆ. ಅದಕ್ಕೆ ಕೇಬಲ್‌ನವರೇ ಬರಬೇಕು. ‘ಪಾನ್’ ಲೈಟು ಅಲುಗದೆ ಹಸಿರಾಗಿದ್ದು ‘ಇಂಟರ್ನೆಟ್’ ಲೈಟು ಆರಿದ್ದರೆ ಲೈನ್ ಸರಿಯಿದೆ, ಕಂಪನಿಯ ಯೂಸರ್ ಹೆಸರು, ಪಾಸ್‌ವರ್ಡ್ ಅಥವಾ ರೀಚಾರ್ಜ್ ವಿಷಯ ನೋಡಬೇಕು. ಎಲ್ಲ ಲೈಟೂ ಸರಿಯಿದ್ದು ಒಳಕೋಣೆಯಲ್ಲಿ ಮಾತ್ರ ನೆಟ್ ಬಾರದಿದ್ದರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅದು ಮೂರನೆಯ ಕೆಲಸದ ತೊಂದರೆ.

ಇದನ್ನು ಖಚಿತಪಡಿಸಿಕೊಳ್ಳಲು ಸುಲಭದ ದಾರಿಯಿದೆ. ಡಬ್ಬಿಯ ಪಕ್ಕ ನಿಂತು ಸ್ಪೀಡ್ ಪರೀಕ್ಷೆ ಮಾಡಿ, ಆಮೇಲೆ ಒಳಕೋಣೆಗೆ ಹೋಗಿ ಮತ್ತೆ ಮಾಡಿ. ಲ್ಯಾಪ್‌ಟಾಪ್ ಇದ್ದರೆ ಕೇಬಲ್ ಚುಚ್ಚಿ ನೋಡುವುದು ಇನ್ನೂ ಒಳ್ಳೆಯದು. ಡಬ್ಬಿಯ ಬಳಿ 40 ಮೆಗಾಬಿಟ್ ಬಂದು ಒಳಗೆ 3 ಬಂದರೆ ತಪ್ಪು ಗೋಡೆಯದು.

ಕಲ್ಲುಗೋಡೆ, ಮಣ್ಣಿನ ಮಾಳಿಗೆ

ಈ ಸೀಮೆಯ ವೈಫೈ ಪ್ರಶ್ನೆಯ ಹೂರಣ ಇಲ್ಲಿದೆ. ರೂಟರ್ ತಯಾರಿಸುವವರ ಲೆಕ್ಕದಲ್ಲಿ ಮನೆಯೆಂದರೆ ತೆಳು ಗೋಡೆಯ ಫ್ಲಾಟು. ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಹಳೆಯ ಮನೆ ಬೇರೆಯದೇ ಜಾತಿ. ಒಂದೂವರೆ, ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಅಥವಾ ಕಲ್ಲು ಚಪ್ಪಡಿ, ಕಿರಿದಾದ ಬಾಗಿಲು, ಬೆಳಕಿಂಡಿ. ಬಯಲುಸೀಮೆಯ ಬಿಸಿಲು ಒಳಗೆ ಬಾರದಿರಲೆಂದು ಹಿರಿಯರು ಹಾಗೆ ಕಟ್ಟಿದರು, ಬೇಸಿಗೆಯಲ್ಲಿ ಅದರ ತಂಪಿಗೆ ಸಾಟಿಯಿಲ್ಲ. ಇಲ್ಲಿನ ಕಲ್ಲಿನ ಗಟ್ಟಿತನಕ್ಕೆ ಹಳೆಯ ಸಾಕ್ಷಿಯೂ ಇದೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರದ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರಿಂದ ಅವು ಬೆಳಕಿಗೆ ಬಂದವು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಾದ ಮಹಾಮಾತ್ರರಿಗೆ ಕಳಿಸಿದ ಸಂದೇಶವನ್ನು ಎರಡು ಸಾವಿರ ವರ್ಷಕ್ಕೂ ಮೀರಿ ಉಳಿಸಿಕೊಟ್ಟದ್ದು ಇಲ್ಲಿನ ಬಂಡೆಯ ಗಟ್ಟಿತನ. ಅಂಥ ಗಟ್ಟಿ ಕಲ್ಲಿನ ದಪ್ಪ ಗೋಡೆಗಳು ಎರಡು ಅಡ್ಡಬಂದರೆ ರೂಟರಿನ ಅಲೆ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಅಲೆ ತಡೆಯುವುದರಲ್ಲಿ ಎಲ್ಲ ವಸ್ತುಗಳೂ ಒಂದೇ ಅಲ್ಲ. ಮರದ ಬಾಗಿಲು, ಗಾಜು, ತೆಳು ಇಟ್ಟಿಗೆ ಗೋಡೆ ಸ್ವಲ್ಪ ತಡೆಯುತ್ತವೆ. ದಪ್ಪ ಕಲ್ಲುಗೋಡೆ, ಕಬ್ಬಿಣ ತುಂಬಿದ ಆರ್‌ಸಿಸಿ, ನೀರಿನ ಟ್ಯಾಂಕು ಬಹಳ ತಡೆಯುತ್ತವೆ. ಲೋಹದ ತಗಡು ಅಲೆಯನ್ನು ದಾಟಿಸುವುದೇ ಇಲ್ಲ, ತಿರುಗಿಸಿ ಕಳಿಸುತ್ತದೆ. ಹಾಗಾಗಿ ಕಬ್ಬಿಣದ ಬೀರುವಿನ ಹಿಂದೆ, ಟಿ.ವಿ.ಯ ಹಿಂದೆ, ಫ್ರಿಜ್ಜಿನ ಮೇಲೆ, ತಗಡಿನ ಶೀಟಿಗೆ ಅಂಟಿಸಿ ರೂಟರ್ ಇಟ್ಟರೆ ಮನೆಯ ಒಂದು ಭಾಗಕ್ಕೆ ಅದು ಇಲ್ಲದ ಹಾಗೆಯೇ. ಅಲೆ ಮನೆಯಲ್ಲಿ ಹಬ್ಬುವ ರೀತಿಗೆ ದೀಪವನ್ನು ನೆನೆದರೆ ಸಾಕು: ಮೂಲೆಯಲ್ಲಿಟ್ಟರೆ ಮೂಲೆಗೆ ಬೆಳಕು, ನಡುಮನೆಯಲ್ಲಿ ಎತ್ತರಕ್ಕಿಟ್ಟರೆ ನಾಲ್ಕು ಕಡೆಗೂ.

ಆದ್ದರಿಂದ ಕೇಬಲ್‌ನವರು ಬಂದ ದಿನವೇ ಹೇಳಬೇಕಾದ ಮಾತು ಇದು: ‘ಅಣ್ಣಾ, ಬಾಗಿಲ ಹತ್ರ ಬೇಡ, ನಡುಮನೆಗೆ ಎಳೀರಿ.’ ಇನ್ನೊಂದಷ್ಟು ಮೀಟರ್ ವೈರು ಹೋಗಬಹುದು, ಅದಕ್ಕೆ ಪ್ರತ್ಯೇಕ ಹಣವನ್ನೂ ಕೇಳಬಹುದು. ಮುಂದಿನ ವರ್ಷಗಳ ತೊಂದರೆ ನೋಡಿದರೆ ಅದು ಕಡಿಮೆ ಖರ್ಚೇ. ಆಳೆತ್ತರಕ್ಕಿಂತ ಮೇಲೆ, ಒಳಬಾಗಿಲುಗಳು ಎದುರುಬದುರಾಗುವ ಜಾಗದಲ್ಲಿ ರೂಟರ್ ಇರಲಿ. ಕಲ್ಲುಮನೆಯಲ್ಲಿ ಅಲೆ ಗೋಡೆ ತೂರುವುದಕ್ಕಿಂತ ಬಾಗಿಲ ದಾರಿಯಲ್ಲೇ ಹೆಚ್ಚಾಗಿ ಒಳಹೋಗುತ್ತದೆ. ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸಿದರೆ ಅಲೆ ಅಡ್ಡಡ್ಡವಾಗಿ, ಅಂದರೆ ಕೋಣೆಗಳ ಕಡೆಗೆ ಹಬ್ಬುತ್ತದೆ. ಮಹಡಿಯಿದ್ದರೆ ಒಂದನ್ನು ಓರೆ ಮಾಡಬಹುದು.

ಎರಡು ಪಟ್ಟಿಗಳ ಆಯ್ಕೆಯೂ ಇಲ್ಲೇ ಸೇರುತ್ತದೆ. 2.4 ಗಿಗಾಹರ್ಟ್ಸಿನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದ, 5 ಗಿಗಾಹರ್ಟ್ಸಿನದು ಅದರ ಅರ್ಧದಷ್ಟು. ಮೊದಲನೆಯದು ದೂರ ಹೋಗುತ್ತದೆ, ಗೋಡೆಯನ್ನು ಸ್ವಲ್ಪವಾದರೂ ದಾಟುತ್ತದೆ, ಆದರೆ ನಿಧಾನ, ಗದ್ದಲವೂ ಹೆಚ್ಚು. ಎರಡನೆಯದು ವೇಗದ್ದು, ದಪ್ಪ ಗೋಡೆ ಬಂದರೆ ಬೇಗ ಸೋಲುತ್ತದೆ. ರೂಟರ್ ಇರುವ ಕೋಣೆಯ ಟಿ.ವಿ.ಗೆ, ಲ್ಯಾಪ್‌ಟಾಪಿಗೆ 5, ಒಳಕೋಣೆಗೆ, ಅಂಗಳಕ್ಕೆ, ಹಳೆಯ ಫೋನುಗಳಿಗೆ 2.4 ಹೊಂದುತ್ತದೆ. ಹಲವು ರೂಟರುಗಳು ಎರಡಕ್ಕೂ ಒಂದೇ ಹೆಸರು ಕೊಟ್ಟು ತಾವೇ ಆರಿಸುತ್ತವೆ. ಕಲ್ಲುಗೋಡೆಯ ಮನೆಗಳಲ್ಲಿ ಈ ಆಯ್ಕೆ ತಪ್ಪುವುದುಂಟು, ಫೋನು ಸೋತ 5ನ್ನೇ ಹಿಡಿದುಕೊಂಡು ಕೂರುತ್ತದೆ. ಎರಡು ಪಟ್ಟಿಗೆ ಎರಡು ಹೆಸರಿಟ್ಟು, ಯಾವ ಕೋಣೆಗೆ ಯಾವುದು ಎಂದು ಮನೆಯವರೇ ತೀರ್ಮಾನಿಸುವುದು ಇಲ್ಲಿಗೆ ಮೇಲು.

ಚಾನೆಲ್ಲಿನ ವಿಚಾರ ಊರೊಟ್ಟಿನದು. 2.4ರಲ್ಲಿ ನಮ್ಮಲ್ಲಿ 13 ಚಾನೆಲ್ಲುಗಳಿದ್ದರೂ ಒಂದರ ಮೇಲೊಂದು ಬೀಳದೆ ಒಟ್ಟಿಗೆ ಕೆಲಸ ಮಾಡುವುದು ಮೂರೇ: 1, 6, 11. ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲಿನಲ್ಲಿ ಎಲ್ಲ ರೂಟರೂ 6ರಲ್ಲೇ ಕೂಗಿದರೆ ಸಂಜೆ ಎಲ್ಲರಿಗೂ ನಿಧಾನ. ಅಕ್ಕಪಕ್ಕದ ಮೂರು ಮನೆಯವರು ಮಾತಾಡಿಕೊಂಡು ಒಂದೊಂದನ್ನು ಹಂಚಿಕೊಂಡರೆ ಯಾರ ಖರ್ಚೂ ಇಲ್ಲದೆ ಎಲ್ಲರಿಗೂ ಸುಧಾರಿಸುತ್ತದೆ. ಚಾನೆಲ್ ಅಗಲ ಎಂಬ ಸಾಲಿನಲ್ಲಿ 2.4ಕ್ಕೆ 20 ಮೆಗಾಹರ್ಟ್ಸ್ ಇರಲಿ, 40 ಇಟ್ಟರೆ ನೆರೆಯವರ ಜಾಗವನ್ನೂ ನಾವೇ ಆವರಿಸುತ್ತೇವೆ. 5ರಲ್ಲಿ 36ರಿಂದ 48ರ ತನಕದ ಚಾನೆಲ್ಲುಗಳು ನಿರಾತಂಕ. 52ರಿಂದ 144ರವರೆಗಿನವು ರೇಡಾರಿನೊಂದಿಗೆ ಹಂಚಿಕೊಂಡವು, ರೇಡಾರ್ ಕೇಳಿಸಿದರೆ ರೂಟರ್ ಆ ಚಾನೆಲ್ ಬಿಟ್ಟು ಸರಿಯಬೇಕೆಂಬ ನಿಯಮವಿದೆ.

ಸೆಟ್ಟಿಂಗ್ ಪುಟದೊಳಗೆ

ಈ ಬದಲಾವಣೆಗಳನ್ನೆಲ್ಲ ಮಾಡುವ ಜಾಗ ರೂಟರಿನ ಒಳಪುಟ. ಡಬ್ಬಿಯನ್ನು ತಿರುಗಿಸಿದರೆ ಅಂಟಿಸಿದ ಚೀಟಿ ಕಾಣುತ್ತದೆ. ಅದರಲ್ಲಿ ವೈಫೈ ಹೆಸರು, ಪಾಸ್‌ವರ್ಡ್, 192.168.1.1 ಅಥವಾ 192.168.0.1 ಎಂಬಂಥ ಅಂಕಿ, ಒಳಪುಟದ ಯೂಸರ್ ಹೆಸರು ಇರುತ್ತವೆ. ಜಿಯೊ ಡಬ್ಬಿಯಾದರೆ ಅಂಕಿ 192.168.29.1. ಮೊದಲು ಆ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಬೇಕು, ವರ್ಷ ಕಳೆದರೆ ಅಕ್ಷರ ಮಾಸುತ್ತದೆ. ಫೋನನ್ನು ಅದೇ ವೈಫೈಗೆ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರಿನಲ್ಲಿ ಆ ಅಂಕಿ ಟೈಪಿಸಿದರೆ ಪುಟ ತೆರೆಯುತ್ತದೆ. ಇದಕ್ಕೆ ನೆಟ್ ಬೇಕಾಗಿಲ್ಲ, ಅದು ಮನೆಯೊಳಗಿನ ವಿಳಾಸ.

ಒಳಗೆ ಹೋದವರು ‘ವೈರ್‌ಲೆಸ್’ ಅಥವಾ ‘ಡಬ್ಲ್ಯುಲ್ಯಾನ್’ ಎಂಬ ಭಾಗಕ್ಕೆ ಹೋಗಬೇಕು. ಹಳೆಯ ಡಬ್ಬಿಗಳಲ್ಲಿ ವೈಫೈ ಆರಿಯೇ ಇರುವುದುಂಟು, ಆಗ ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ ಈ ಪುಟ ತೆರೆದು ‘ಎನೇಬಲ್’ ಎಂಬಲ್ಲಿ ಗುರುತು ಹಾಕಿದರೆ ಚಾಲೂ ಆಗುತ್ತದೆ. ಕೆಲವು ಡಬ್ಬಿಗಳ ಬದಿಯಲ್ಲೇ ವೈಫೈ ಬಟನ್ ಇರುತ್ತದೆ, ಮಕ್ಕಳ ಕೈ ತಾಗಿ ಅದು ಆರಿದ್ದನ್ನು ಲೈನ್ ಕೆಟ್ಟಿದೆ ಎಂದು ತಿಳಿಯುವವರಿದ್ದಾರೆ. ಆಮೇಲೆ ಹೆಸರು, ಭದ್ರತೆಯ ಬಗೆ, ಪಾಸ್‌ವರ್ಡ್, ಚಾನೆಲ್. ಬದಲಿಸಿ ‘ಸೇವ್’ ಅಥವಾ ‘ಅಪ್ಲೈ’ ಒತ್ತಿದ ಕೂಡಲೇ ಫೋನಿನ ಸಂಪರ್ಕ ಕಡಿಯುತ್ತದೆ. ಗಾಬರಿ ಬೇಡ, ಹೊಸ ಹೆಸರಿಗೆ ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಕೊಳ್ಳಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನು ಬದಲಿಸಿದೆವೆಂದು ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ.

ಮುಟ್ಟಬಾರದ್ದು ‘ವ್ಯಾನ್’ ಎಂಬ ಭಾಗ. ಕಂಪನಿ ಕೊಟ್ಟ ಪಿಪಿಪಿಒಇ ಯೂಸರ್ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಅಲ್ಲಿರುತ್ತವೆ. ಡಬ್ಬಿಯ ಹಿಂದಿನ ಸಣ್ಣ ತೂತಿನ ‘ರೀಸೆಟ್’ ಬಟನ್ನಿನ ಬಗೆಗೂ ಎಚ್ಚರವಿರಬೇಕು. ಸೂಜಿಯಿಂದ ಹತ್ತು ಸೆಕೆಂಡ್ ಒತ್ತಿದರೆ ಪಾಸ್‌ವರ್ಡ್ ಮರೆತ ತೊಂದರೆಯೇನೋ ಹೋಗುತ್ತದೆ, ಜೊತೆಗೆ ಕಂಪನಿಯ ವಿವರವೂ ಅಳಿಸಿ ನೆಟ್ ಪೂರ್ತಿ ನಿಲ್ಲಬಹುದು. ಆರಿಸಿ ಹಚ್ಚುವುದೇ ಬೇರೆ, ರೀಸೆಟ್ ಮಾಡುವುದೇ ಬೇರೆ ಎಂಬುದನ್ನು ಮನೆಯ ಪ್ರತಿಯೊಬ್ಬರೂ ತಿಳಿದಿರಬೇಕು.

ವೈಫೈ ಹೆಸರನ್ನು ಕನ್ನಡದಲ್ಲಿ ಇಡಬಹುದೇ? ಮಾನಕ ಅಡ್ಡಿಪಡಿಸುವುದಿಲ್ಲ, ಆದರೆ ಹೆಸರಿಗೆ 32 ಬೈಟುಗಳ ಮಿತಿಯಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಕಾಗುಣಿತದ ಗುರುತಿಗೆ, ಒತ್ತಕ್ಷರ ತರುವ ವಿರಾಮಕ್ಕೆ ಮೂರು ಮೂರು ಬೈಟ್ ಬೇಕು. ‘ಸಿದ್ದಾಪುರ’ಕ್ಕೆ 27 ಬೈಟ್, ಹಿಡಿಯುತ್ತದೆ. ‘ಮೊಳಕಾಲ್ಮುರು’ವಿಗೆ 33, ಒಂದೇ ಒಂದು ಬೈಟಿನಿಂದ ಹೊರಗುಳಿಯುತ್ತದೆ. ಎಷ್ಟೋ ರೂಟರುಗಳ ಪುಟವಂತೂ ಇಂಗ್ಲಿಷಲ್ಲದ ಅಕ್ಷರವನ್ನೇ ಒಪ್ಪುವುದಿಲ್ಲ. ನಮ್ಮ ನುಡಿಯವರನ್ನು ಬಳಕೆದಾರರೆಂದು ಎಣಿಸಿ ಈ ಪುಟಗಳನ್ನು ರೂಪಿಸಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಎರಡು ಪಾಸ್‌ವರ್ಡ್‌ಗಳು

ಮನೆಯ ವೈಫೈಗೆ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈಫೈ ಸೇರಲು, ಇನ್ನೊಂದು ಒಳಪುಟ ತೆರೆಯಲು. ಮೊದಲನೆಯದು ಎಲ್ಲರಿಗೂ ಗೊತ್ತು, ಎರಡನೆಯದರ ನೆನಪೇ ಯಾರಿಗೂ ಇರುವುದಿಲ್ಲ. ಅದು ಎಷ್ಟೋ ಮನೆಗಳಲ್ಲಿ ‘ಅಡ್ಮಿನ್’ ಎಂದೇ ಉಳಿದಿರುತ್ತದೆ. ಇದರ ಬೆಲೆಯನ್ನು ಕರ್ನಾಟಕ ಒಮ್ಮೆ ತೆತ್ತಿದೆ. 2017ರ ಜುಲೈ ಕೊನೆಯಲ್ಲಿ ರಾಜ್ಯದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಕುತಂತ್ರಾಂಶದ ದಾಳಿಯಾಯಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು ಕೆಲಸ ನಿಲ್ಲಿಸಿದವು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರಿಗೆ ಹೇಳಬೇಕಾಯಿತು. ಅದಕ್ಕೆ ಹಿಂದಿನ ವರ್ಷ ಜಗತ್ತಿನಾದ್ಯಂತ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡ ಮಿರಾಯ್ ಎಂಬ ಕುತಂತ್ರಾಂಶವೂ ಇದೇ ಬಾಗಿಲಿನಿಂದ ನುಗ್ಗಿತ್ತು.

ವೈಫೈ ಪಾಸ್‌ವರ್ಡ್ ಇಲ್ಲದಿದ್ದರೆ ಏನಾಗಬಹುದು ಎಂಬುದಕ್ಕೆ 2008ರ ಜುಲೈ 26ರ ಅಹಮದಾಬಾದ್ ಸ್ಫೋಟದ ಪ್ರಕರಣವಿದೆ. ಸ್ಫೋಟದ ಹೊಣೆ ಹೊತ್ತ ಇ-ಮೇಲ್ ನವಿ ಮುಂಬೈನ ಮನೆಯೊಂದರ ರಕ್ಷಣೆಯಿಲ್ಲದ ವೈಫೈ ಮೂಲಕ ಹೋಗಿತ್ತು, ಆ ಮನೆಯವರು ತನಿಖೆ ಎದುರಿಸಿದರು. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಬಳಕೆಗೆ ಸುರಕ್ಷತೆಯ ಸೂಚನೆಗಳನ್ನು ಹೊರಡಿಸಿತು. ಹಳ್ಳಿಯವರು ಇದರಿಂದ ತಿಳಿಯಬೇಕಾದದ್ದು ಒಂದು: ನಮ್ಮ ಲೈನಿನಿಂದ ಯಾರು ಏನು ಮಾಡಿದರೂ ಪೊಲೀಸರು ಮೊದಲು ಬರುವುದು ಲೈನ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ.

ಭದ್ರತೆಯ ಬಗೆಗಳ ಪಟ್ಟಿ ತೆರೆದರೆ ಹಲವು ಹೆಸರುಗಳು ಕಾಣುತ್ತವೆ. ವೆಪ್ ಎಂಬುದು 1997ರದು, 2001ರಲ್ಲೇ ಅದರ ದೌರ್ಬಲ್ಯ ಬಯಲಾಯಿತು, ಬಳಸಲೇಬಾರದು. 2004ರ ಡಬ್ಲ್ಯುಪಿಎ2 ಇಂದಿಗೂ ಸಾಕಾಗುವಷ್ಟು ಗಟ್ಟಿ, ಜೊತೆಯಲ್ಲಿ ‘ಎಇಎಸ್’ ಇರಲಿ, ‘ಟಿಕಿಪ್’ ಬೇಡ. 2018ರಲ್ಲಿ ಬಂದ ಡಬ್ಲ್ಯುಪಿಎ3 ಇನ್ನೂ ಉತ್ತಮ, ಹಳೆಯ ಫೋನಿದ್ದರೆ 2 ಮತ್ತು 3 ಎರಡನ್ನೂ ಒಪ್ಪುವ ಆಯ್ಕೆ ಹಾಕಬಹುದು. ಬಟನ್ ಒತ್ತಿ ಅಥವಾ ಎಂಟು ಅಂಕಿಯ ಪಿನ್ ಹಾಕಿ ಸೇರಿಸುವ ಡಬ್ಲ್ಯುಪಿಎಸ್ ಇದೆಯಲ್ಲ, ಅದರ ಪಿನ್ ವಿಧಾನ ಸುಲಭವಾಗಿ ಮುರಿಯುತ್ತದೆಂದು 2011ರಲ್ಲೇ ಗೊತ್ತಾಗಿದೆ. ಅದನ್ನು ಆಫ್ ಮಾಡಿಬಿಡುವುದು ಕ್ಷೇಮ. ಹೆಸರನ್ನು ಮರೆಮಾಡಿದರೆ ರಕ್ಷಣೆ ಸಿಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ, ಹುಡುಕುವವರಿಗೆ ಅದು ಕಂಡೇ ಕಾಣುತ್ತದೆ.

ಪಾಸ್‌ವರ್ಡ್ 8ರಿಂದ 63 ಅಕ್ಷರದವರೆಗೆ ಇರಬಹುದು. ನಮ್ಮಲ್ಲಿ ಹೆಚ್ಚಿನವರು ಇಡುವುದು ಮೊಬೈಲ್ ನಂಬರು. ಅಲೆಯನ್ನು ಹಿಡಿದು ಮನೆಗೆ ಒಯ್ದು, ಕಂಪ್ಯೂಟರಿಗೆ ಎಲ್ಲ ಹತ್ತಂಕಿ ನಂಬರುಗಳನ್ನು ಪ್ರಯತ್ನಿಸಲು ಬಿಟ್ಟರೆ ಅಂಥ ಪಾಸ್‌ವರ್ಡ್ ಕೆಲವು ಗಂಟೆಗಳಲ್ಲಿ ಸಿಗಬಹುದು. ಒಂದಕ್ಕೊಂದು ನಂಟಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ ಬರೆಯುವುದು ಇದಕ್ಕಿಂತ ಎಷ್ಟೋ ಭದ್ರ: ಸಜ್ಜೆ, ಗಡಿಯಾರ, ಕಂಬಳಿ, ನವಿಲು ಎಂಬಂತೆ. ಅಜ್ಜಿಗೂ ನೆನಪಿರುತ್ತದೆ, ಹೊರಗಿನವರಿಗೆ ಊಹೆಗೆ ನಿಲುಕುವುದಿಲ್ಲ.

ಹಳ್ಳಿಯಲ್ಲಿ ಪಾಸ್‌ವರ್ಡ್ ಕೊಡುವುದಿಲ್ಲ ಎನ್ನುವುದು ಸುಲಭವಲ್ಲ. ಪಕ್ಕದ ಮನೆಯ ಹುಡುಗಿ ಅರ್ಜಿ ತುಂಬಬೇಕು ಎಂದು ಬರುತ್ತಾಳೆ, ಹಬ್ಬಕ್ಕೆ ನೆಂಟರು ಬರುತ್ತಾರೆ. ಕೊಡಬಾರದೆಂದು ನಾನು ಹೇಳಲಾರೆ. ಅದಕ್ಕೆ ರೂಟರಿನಲ್ಲೇ ‘ಗೆಸ್ಟ್’ ಎಂಬ ಅನುಕೂಲವಿದೆ. ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಬಹುದು. ಸಾಮಾನ್ಯವಾಗಿ ಅದರಲ್ಲಿ ಬಂದವರಿಗೆ ಮನೆಯ ಕ್ಯಾಮೆರಾ, ಕಂಪ್ಯೂಟರ್ ಕಾಣುವುದಿಲ್ಲ. ಅಂಗಡಿಯವರು ಹತ್ತಾರು ಜನರಿಗೆ ಹಣಕ್ಕೆ ನೆಟ್ ಕೊಡಬೇಕೆಂದರೆ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯ ದಾರಿಯಿದೆ. ಮಕ್ಕಳಿಗೆ ರಾತ್ರಿ ಹತ್ತಕ್ಕೆ ನೆಟ್ ನಿಲ್ಲಿಸುವ ಸಮಯದ ಏರ್ಪಾಡೂ ಹಲವು ರೂಟರುಗಳಲ್ಲಿದೆ. ರೂಟರ್ ಫೋನನ್ನು ಗುರುತಿಸುವ ಮ್ಯಾಕ್ ವಿಳಾಸವನ್ನು ಈಗಿನ ಫೋನುಗಳು ಬದಲಿಸಿಕೊಳ್ಳಬಲ್ಲವಾದ್ದರಿಂದ ಈ ಏರ್ಪಾಡನ್ನೇ ಪೂರ್ತಿ ನೆಚ್ಚುವಂತಿಲ್ಲ. ಮಕ್ಕಳೊಂದಿಗೆ ಮಾತೇ ಹೆಚ್ಚು ಗಟ್ಟಿ.

ಎರಡನೆಯ ಡಬ್ಬಿ

ರೂಟರನ್ನು ಎಲ್ಲಿಟ್ಟರೂ ತಲುಪದ ಕೋಣೆ ಕೆಲವು ಮನೆಗಳಲ್ಲಿ ಉಳಿಯುತ್ತದೆ. ಮಗ್ಗದ ಕೋಣೆ, ಹಿತ್ತಿಲ ಮನೆ, ಮಹಡಿ. ಆಗ ಮೂರು ದಾರಿಗಳಿವೆ. ಅಲೆಯನ್ನು ಹಿಡಿದು ಮತ್ತೆ ಬಿಡುವ ರಿಪೀಟರ್ ಅಗ್ಗ, ಆದರೆ ಸಾಮಾನ್ಯ ರಿಪೀಟರಿನಲ್ಲಿ ವೇಗ ಅರ್ಧದಷ್ಟಾಗುತ್ತದೆ, ದಪ್ಪ ಗೋಡೆಯ ಆಚೆ ಇಟ್ಟರೆ ಹಿಡಿಯಲು ಅದಕ್ಕೇ ಅಲೆ ಸಿಗುವುದಿಲ್ಲ. ಮೆಶ್ ಎಂಬ ಜೋಡಿ ಡಬ್ಬಿಗಳು ಚೆನ್ನಾಗಿವೆ, ದುಬಾರಿ. ಕಲ್ಲುಮನೆಗೆ ಒಪ್ಪುವುದು ಮೂರನೆಯದು: ಮೊದಲ ಡಬ್ಬಿಯಿಂದ ಲ್ಯಾನ್ ಕೇಬಲ್ ಎಳೆದು ಇನ್ನೊಂದು ರೂಟರ್ ಇಡುವುದು. ಈ ಕೇಬಲ್ 100 ಮೀಟರಿನವರೆಗೆ ವೇಗ ಕಳೆದುಕೊಳ್ಳುವುದಿಲ್ಲ. ಮೂಲೆಗೆ ಬಿದ್ದಿರುವ ಹಳೆಯ ರೂಟರೂ ಇದಕ್ಕೆ ಆಗುತ್ತದೆ. ಅದರ ವಿಳಾಸವನ್ನು 192.168.1.2 ಎಂದು ಮೊದಲನೆಯದರ ಸಾಲಿಗೆ ಹೊಂದಿಸಿ, ‘ಡಿಎಚ್‌ಸಿಪಿ’ ಆಫ್ ಮಾಡಿ, ಕೇಬಲನ್ನು ಅದರ ಲ್ಯಾನ್ ತೂತಿಗೇ ಚುಚ್ಚಿ, ಮೊದಲನೆಯದು ಚಾನೆಲ್ 1ರಲ್ಲಿದ್ದರೆ ಇದನ್ನು 11ಕ್ಕೆ ಇಟ್ಟರೆ ಮುಗಿಯಿತು.

ಇದು ಒಂದು ಕೋಣೆಯ ಅನುಕೂಲಕ್ಕಷ್ಟೇ ಸೀಮಿತವಲ್ಲ. ವೈಫೈಯಲ್ಲಿ ಎಲ್ಲರೂ ಸರದಿಯಂತೆ ಮಾತಾಡಬೇಕು. ದೂರದ ಕೋಣೆಯಲ್ಲಿ ಕ್ಷೀಣ ಸಿಗ್ನಲ್ ಹಿಡಿದ ಫೋನು ತನ್ನ ಮಾತನ್ನು ತೀರ ನಿಧಾನವಾಗಿ ಮುಗಿಸುತ್ತದೆ, ಅಷ್ಟು ಹೊತ್ತು ಹತ್ತಿರದವರೂ ಕಾಯಬೇಕು. ದೂರದವರಿಗೆ ಹತ್ತಿರದಿಂದ ಸಿಗ್ನಲ್ ಕೊಟ್ಟರೆ ಮನೆಗೆಲ್ಲ ವೇಗ ಬರುತ್ತದೆ.

ಕರೆಂಟು, ಸಿಡಿಲು, ಭಯ

ಫೈಬರಿನಲ್ಲಿ ಬೆಳಕು ಬಂದರೂ ಡಬ್ಬಿ ನಡೆಯುವುದು ಕರೆಂಟಿನಿಂದ. ಕರೆಂಟ್ ಹೋದರೆ ಪರೀಕ್ಷೆಯ ಅರ್ಜಿ ಅರ್ಧಕ್ಕೇ ನಿಲ್ಲುತ್ತದೆ. ಹೆಚ್ಚಿನ ರೂಟರುಗಳಿಗೆ ಬೇಕಾದದ್ದು 12 ವೋಲ್ಟ್, ಅದರಲ್ಲೇ ನಡೆಯುವ ಸಣ್ಣ ರೂಟರ್ ಯುಪಿಎಸ್‌ಗಳು ಕೆಲವು ಗಂಟೆ ನಡೆಸುತ್ತವೆ. ಕೊಳ್ಳುವ ಮೊದಲು ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಬೇಕು, 9 ವೋಲ್ಟಿನ ಡಬ್ಬಿಗೆ 12 ಕೊಟ್ಟರೆ ಸುಡಬಹುದು. ಗುಡುಗು ಮಳೆಯ ಕಾಲದಲ್ಲಿ ಹಳೆಯ ತಾಮ್ರದ ಟೆಲಿಫೋನ್ ಲೈನು ಸಿಡಿಲನ್ನು ಮನೆಗೆ ತರುತ್ತಿತ್ತು. ಫೈಬರಿನ ಗಾಜಿನೆಳೆ ವಿದ್ಯುತ್ ಒಯ್ಯುವುದಿಲ್ಲ, ಆದರೂ ಕರೆಂಟಿನ ದಾರಿಯಿಂದ ಅಪಾಯ ಉಳಿದಿದೆ. ಗುಡುಗುವಾಗ ಅಡಾಪ್ಟರ್ ಕಿತ್ತಿಡುವ ಹಳೆಯ ರೂಢಿಯನ್ನು ಬಿಡಬಾರದು.

ರೂಟರಿನಿಂದ ಆರೋಗ್ಯಕ್ಕೆ ಕೆಡುಕೇ ಎಂದು ಹಲವರು ಕೇಳುತ್ತಾರೆ. ಮನೆಯ ರೂಟರ್ ಹೊರಡಿಸುವ ಅಲೆಯ ಬಲ ಸಾಮಾನ್ಯವಾಗಿ ಒಂದು ವಾಟಿನ ಹತ್ತನೇ ಒಂದು ಭಾಗದ ಸುಮಾರು. ಅದು ಎಕ್ಸ್-ರೇ ಜಾತಿಯ ವಿಕಿರಣವಲ್ಲ. ರೇಡಿಯೊ ಅಲೆಗಳನ್ನು ಒಟ್ಟಾರೆಯಾಗಿ 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಎಂಬ ವರ್ಗಕ್ಕೆ ಸೇರಿಸಿತು. ವೈಫೈಯಂಥ ದುರ್ಬಲ ಸಿಗ್ನಲ್‌ಗಳಿಂದ ಹಾನಿಯಾಗುತ್ತದೆಂಬುದಕ್ಕೆ ಮನವರಿಕೆಯಾಗುವ ಪುರಾವೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದೆ. ಗೋಡೆಯ ಮೇಲೆ ಎತ್ತರಕ್ಕಿಡುವುದು ಸಿಗ್ನಲ್ಲಿಗೂ ಒಳ್ಳೆಯದು, ಮನಸ್ಸಿನ ನೆಮ್ಮದಿಗೂ ಒಳ್ಳೆಯದು.

ಯಾರ ಹೊಣೆ ಎಷ್ಟು

ಇಷ್ಟು ನೋಡಿದ ಮೇಲೆ ಉಳಿಯುವ ಪ್ರಶ್ನೆ ತಾಂತ್ರಿಕವಲ್ಲ. ಹೊಸ ಡಬ್ಬಿಗಳನ್ನು ಕಂಪನಿಗಳು ದೂರದಿಂದಲೇ ನೋಡಿ ಸರಿಪಡಿಸಬಲ್ಲವು, ಅದಕ್ಕೆ 2004ರಿಂದಲೇ ಮಾನಕವಿದೆ. ಪೇಟೆಯಿಂದ ದೂರದ ಹಳ್ಳಿಗೆ ಅದು ವರವೇ. ತಂತ್ರಾಂಶದ ತೂತುಗಳನ್ನು ಮುಚ್ಚುವ ಅಪ್‌ಡೇಟುಗಳು ಆ ದಾರಿಯಲ್ಲೇ ಬರಬಹುದು. ಆದರೆ ಅದೇ ನೆಪದಲ್ಲಿ ಒಳಪುಟದ ಪಾಸ್‌ವರ್ಡನ್ನೇ ಗ್ರಾಹಕರಿಗೆ ಕೊಡದಿದ್ದರೆ, ಹಣ ಕೊಟ್ಟು ತಂದ ವಸ್ತು ಮನೆಯಲ್ಲಿದ್ದೂ ಮನೆಯವರದಾಗುವುದಿಲ್ಲ. ಹೊಸ ಸಂಪರ್ಕ ಕೊಡುವಾಗ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡುವುದು ಕಡ್ಡಾಯವಾಗಬೇಕು: ವೈಫೈ ಹೆಸರು ಮತ್ತು ಪಾಸ್‌ವರ್ಡ್, ಒಳಪುಟದ ವಿಳಾಸ ಮತ್ತು ಪಾಸ್‌ವರ್ಡ್, ಪಿಪಿಪಿಒಇ ವಿವರ, ಲೈಟುಗಳ ಅರ್ಥ. ಸೆಟ್ಟಿಂಗ್ ಪುಟವೂ ಕಂಪನಿಗಳ ಆ್ಯಪುಗಳೂ ಕನ್ನಡದಲ್ಲಿ ಬರಬೇಕು. ಕರ್ನಾಟಕದ ಹಳ್ಳಿಗಳಲ್ಲಿ ವ್ಯಾಪಾರ ಮಾಡುವವರಿಗೆ ಇದು ದೊಡ್ಡ ಖರ್ಚಲ್ಲ.

ಊರಿನ ಪಾಲೂ ಇದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ತಿಂಗಳಿಗೊಂದು ಮಧ್ಯಾಹ್ನ ಒಂದು ರೂಟರನ್ನು ಮೇಜಿನ ಮೇಲಿಟ್ಟು, ಪಾಸ್‌ವರ್ಡ್ ಬದಲಿಸುವುದು, ಚಾನೆಲ್ ಆರಿಸುವುದನ್ನು ಹತ್ತು ಜನರ ಕೈಯಿಂದ ಮಾಡಿಸಿದರೆ ಸಾಕು, ಆ ಹತ್ತು ಜನ ಊರಿಗೆ ಹೇಳಿಕೊಡುತ್ತಾರೆ. ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಸರಿಪಡಿಸಿಕೊಳ್ಳುವ ರೈತರಿಗೆ, ಮಗ್ಗದ ಸಾವಿರಾರು ಎಳೆಗಳ ಲೆಕ್ಕ ತಪ್ಪದ ನೇಕಾರರಿಗೆ, ಈ ಡಬ್ಬಿ ಮೀರಿದ ವಿದ್ಯೆಯಲ್ಲ.

ಮನೆಯವರು ಇಂದೇ ಮಾಡಬಹುದಾದದ್ದು ಮೂರು. ರೂಟರನ್ನು ಬಾಗಿಲ ಬಳಿಯಿಂದ ನಡುಮನೆಗೆ ತರಿಸಿ. ಎರಡೂ ಪಾಸ್‌ವರ್ಡ್ ಬದಲಿಸಿ, ಪಹಣಿ, ಪಡಿತರ ಚೀಟಿ ಇಡುವ ಚೀಲದಲ್ಲೇ ಬರೆದಿಡಿ. ಈ ಕೆಲಸವನ್ನು ಮನೆಯ ಹುಡುಗನೊಬ್ಬನಿಗೇ ಬಿಡದೆ ಹೆಣ್ಣುಮಕ್ಕಳಿಗೂ ಕಲಿಸಿ, ಅವನು ಓದಲೋ ದುಡಿಯಲೋ ಬೆಂಗಳೂರಿಗೆ ಹೋದ ಮೇಲೆ ಮನೆಯ ಸಂಪರ್ಕ ಅವನಿಗಾಗಿ ಕಾಯಬಾರದು. ಸರ್ಕಾರ, ಕಂಪನಿಗಳು ಸೇರಿ ನೂರಾರು ಕಿಲೋಮೀಟರ್ ಫೈಬರ್ ಎಳೆದು ಹೊಸಿಲಿಗೆ ತಂದುಕೊಟ್ಟದ್ದನ್ನು ಒಳಕೋಣೆಯವರೆಗೆ ಒಯ್ಯುವುದು ನಮ್ಮ ಕೆಲಸ, ಅದನ್ನು ನಾವೇ ಮಾಡಿಕೊಳ್ಳಬಲ್ಲೆವು.